ಬಣ್ಣದ ಕೆಳಗಿನ ಬೆಸುಗೆ

ಹೆಬ್ರಿಯಲ್ಲಿ ಮಳೆಗಾಲವೆಂದರೆ ಮನೆಯೊಳಗಿನ ಕೆಲಸಗಳ ಕಾಲ. ಕಡಲ ಕಡೆಯಿಂದ ಬಂದ ಮೋಡಗಳು ಆಗುಂಬೆಯ ಬೆಟ್ಟಸಾಲಿಗೆ ತಡೆದು ನಿಂತವೆಂದರೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ತೋಟದ ಕೆಲಸ ನಿಲ್ಲುತ್ತದೆ, ಅಂಗಳದಲ್ಲಿ ಪಾಚಿ ಕಟ್ಟುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಮಳೆಗಾಲದಲ್ಲಿ ಅಕ್ಕನ ಮನೆಗೆ ಹೋದಾಗ ಹಿತ್ತಲಿನ ಹಳೆಯ ಕೊಟ್ಟಿಗೆಯಿಂದ ಕಬ್ಬಿಣ ಉಜ್ಜುವ ಸದ್ದು ಕೇಳಿಸುತ್ತಿತ್ತು. ದನಗಳನ್ನು ಕೊಟ್ಟು ಬರಿದಾಗಿದ್ದ ಆ ಕೊಟ್ಟಿಗೆಯಲ್ಲಿ ಅಕ್ಕನ ಮಗ ಒಂದು ಮೋಟಾರ್ ಸೈಕಲನ್ನು ತನ್ನ ಕೈಯಾರೆ ಕಟ್ಟುತ್ತಿದ್ದ.

ಹುಡುಗ ಮಣಿಪಾಲದಲ್ಲಿ ಕೆಲಸಕ್ಕಿದ್ದಾನೆ. ವಾರದ ಕೊನೆಗೆ ಊರಿಗೆ ಬರುತ್ತಾನೆ. ನೂರು ವರ್ಷಗಳ ಹಿಂದಿನ ಮೋಟಾರ್ ಸೈಕಲುಗಳ ಚಿತ್ರಗಳನ್ನೂ ಅಮೆರಿಕದ ಹಳೆಯ ಕ್ರೂಸರ್ ಸೈಕಲುಗಳ ಚಿತ್ರಗಳನ್ನೂ ನೋಡಿ ಅವನಿಗೆ ಅಂಥದೊಂದನ್ನು ಮಾಡುವ ಹಂಬಲ ಹುಟ್ಟಿತ್ತು. ಬಿಲ್ಲಿನಂತೆ ಬಾಗಿದ ಉದ್ದನೆಯ ಕೊಳವೆಗಳು, ದಪ್ಪ ಟಯರು, ಸವಾರನ ಕಡೆಗೆ ಹಿಂದಕ್ಕೆ ಬಾಗಿದ ಅಗಲವಾದ ಹ್ಯಾಂಡಲ್, ಸ್ಪ್ರಿಂಗಿನ ಚರ್ಮದ ಸೀಟು, ಎರಡು ಕೊಳವೆಗಳ ನಡುವೆ ತೂಗುವ ಸಣ್ಣ ಪೆಟ್ರೋಲ್ ಟ್ಯಾಂಕು, ಇವು ಅದರ ಲಕ್ಷಣಗಳು. ಸೈಕಲಿನ ಫ್ರೇಮು ಗುಜರಿ ಅಂಗಡಿಯಿಂದ ಬಂದಿತ್ತು. ಎಂಜಿನ್ ಮನೆಯದೇ. ಭಾವನವರು ಒಂದು ಕಾಲದಲ್ಲಿ ಡೈರಿಗೆ ಹಾಲು ಕೊಂಡೊಯ್ಯುತ್ತಿದ್ದ ಮೊಪೆಡ್ ಅದೇ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು.

ಅಕ್ಕ ನನಗೆ ಕಾಫಿ ಕೊಡುತ್ತ ಬೇಸರದಿಂದ ಹೇಳಿದಳು: “ಅಂಗಡಿಗೆ ಹೋದರೆ ಕಂತಿನಲ್ಲಿ ಹೊಸ ಗಾಡಿ ಕೊಡುತ್ತಾರೆ. ಇವನು ಅದನ್ನು ಬಿಟ್ಟು ಗುಜರಿ ತಂದು ಕೈ ಸುಟ್ಟುಕೊಳ್ಳುತ್ತಾನೆ. ಸಿಗುವ ವಸ್ತುವನ್ನು ಮನೆಯಲ್ಲಿ ಯಾಕೆ ಮಾಡಬೇಕು? ನೀನು ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವನಲ್ಲವೇ, ನೀನೇ ಒಂದು ಮಾತು ಹೇಳು.”

ಆ ದಿನ ಅವಳಿಗೆ ಸರಿಯಾದ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಆದರೆ ಪ್ರಶ್ನೆ ಸಣ್ಣದಲ್ಲ. ಬೇಕಾದುದೆಲ್ಲ ಸಿದ್ಧವಾಗಿ ಸಿಗುವ ಕಾಲದಲ್ಲಿ ಮನುಷ್ಯನು ತನ್ನ ಕೈಯಿಂದ ಒಂದು ವಸ್ತುವನ್ನು ಮಾಡುವುದಕ್ಕೆ ಅರ್ಥವೇನು? ಅದು ಹಟವೇ, ಮೆರವಣಿಗೆಯೇ, ಅಥವಾ ಅದರಲ್ಲಿ ಮನುಷ್ಯನು ಕಲಿಯಬೇಕಾದುದು ಏನಾದರೂ ಇದೆಯೇ?

ಮೋಟಾರ್ ಸೈಕಲಿನ ಮಟ್ಟಿಗೆ ಹೇಳುವುದಾದರೆ, ಅದು ಹುಟ್ಟಿದ್ದೇ ಮನೆಯ ಹಿತ್ತಲಿನಲ್ಲಿ. 1885ರಲ್ಲಿ ಜರ್ಮನಿಯ ಕಾನ್‌ಸ್ಟಾಟ್ ಎಂಬಲ್ಲಿ ಗೋಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಖ್ ತಮ್ಮ ಪೆಟ್ರೋಲ್ ಎಂಜಿನನ್ನು ಮರದ ಚೌಕಟ್ಟಿನ ದ್ವಿಚಕ್ರಿಯೊಂದಕ್ಕೆ ಕೂರಿಸಿದರು. ಡೈಮ್ಲರನ ಮನೆಯ ತೋಟದಲ್ಲಿದ್ದ ಒಂದು ಕಟ್ಟಡವೇ ಅವರ ಕಾರ್ಯಾಗಾರ. ಅಲ್ಲಿ ಹಗಲಿರುಳು ಕೇಳಿಸುತ್ತಿದ್ದ ಲೋಹದ ಸದ್ದಿನಿಂದ ಸಂಶಯಗೊಂಡು, ಇವರು ಖೋಟಾ ನಾಣ್ಯ ತಯಾರಿಸುತ್ತಿದ್ದಾರೆಂದು ಯಾರೋ ದೂರಿತ್ತರೆಂದೂ ಪೊಲೀಸರು ಬಂದು ನೋಡಿದಾಗ ಬರೀ ಎಂಜಿನುಗಳು ಸಿಕ್ಕವೆಂದೂ ಒಂದು ಕತೆ ಪ್ರಚಲಿತವಾಗಿದೆ. ಕೊಟ್ಟಿಗೆಯಲ್ಲಿ ಕುಳಿತು ಕಬ್ಬಿಣ ಉಜ್ಜುವವನನ್ನು ನೆರೆಹೊರೆ ಅನುಮಾನದಿಂದ ನೋಡುವುದು ಹೆಬ್ರಿಯಲ್ಲಿ ಆರಂಭವಾದ ವಿಚಾರವಲ್ಲ.

ಅನಂತರದ ಕತೆಯಲ್ಲಿ ಸೈಕಲ್ಲೇ ತಾಯಿ. 1901ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ‘ಇಂಡಿಯನ್’ ಎಂಬ ಮೋಟಾರ್ ಸೈಕಲನ್ನು ಹೊರತಂದ ಜಾರ್ಜ್ ಹೆಂಡಿ ಮತ್ತು ಆಸ್ಕರ್ ಹೆಡ್‌ಸ್ಟ್ರಾಂ ಸೈಕಲಿನ ಲೋಕದವರು. ಅದೇ 1901ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ತನ್ನ ಮೊದಲ ಮೋಟಾರ್ ಸೈಕಲನ್ನು ಮಾಡಿತು. ಅದೂ ಮೊದಲು ಸೈಕಲ್ ಮಾಡುತ್ತಿದ್ದ ಸಂಸ್ಥೆಯೇ. ಎರಡನೆಯ ಮಹಾಯುದ್ಧದ ಬಳಿಕ 1946ರಲ್ಲಿ ಜಪಾನಿನ ಸೊಯಿಚಿರೊ ಹೋಂಡಾ ಸೈನ್ಯದ ರೇಡಿಯೋಗಳಿಗೆ ವಿದ್ಯುತ್ತು ಕೊಡಲು ಬಳಸುತ್ತಿದ್ದ ಸಣ್ಣ ಎಂಜಿನುಗಳನ್ನು ಕೊಂಡು ಸೈಕಲುಗಳಿಗೆ ಜೋಡಿಸಿದನು. ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿಲ್ಲದ ಆ ದಿನಗಳಲ್ಲಿ ಅದು ಬಡವರ ವಾಹನವಾಯಿತು.

ಈ ಸಾಲಿನಲ್ಲಿ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದೆ ಅದರ ನೆನಪು ಬೇಕಾಗುತ್ತದೆ. ಅಮೆರಿಕದ ಮಿಲ್ವಾಕಿ ನಗರದ ವಿಲಿಯಂ ಹಾರ್ಲೆ ಮತ್ತು ಆರ್ಥರ್ ಡೇವಿಡ್‌ಸನ್ ಎಂಬ ಗೆಳೆಯರು ಮೊದಲು ಮಾಡಿದ್ದು ಸಾಧಾರಣ ಸೈಕಲಿಗೆ ಸಣ್ಣ ಎಂಜಿನನ್ನು ಕಟ್ಟುವ ಕೆಲಸವನ್ನೇ. 1903ರಲ್ಲಿ ಅದನ್ನು ಓಡಿಸಿ ನೋಡಿದಾಗ ಊರಿನ ಏರುಗಳನ್ನು ಹತ್ತಲು ಪೆಡಲ್ ತುಳಿಯಬೇಕಾಯಿತು. ಅವರು ಅದನ್ನು ಪಾಠವೆಂದೆಣಿಸಿ ಬದಿಗಿಟ್ಟರು. ಹೊಸದಾಗಿ ದೊಡ್ಡ ಎಂಜಿನ್ ಮಾಡಿದರು. ಆದರೆ ದೊಡ್ಡ ಎಂಜಿನನ್ನು ಹಳೆಯ ಸೈಕಲ್ ಫ್ರೇಮಿಗೆ ತುರುಕಲಿಲ್ಲ. ಆ ಬಲವನ್ನು ಹೊರುವುದಕ್ಕಾಗಿಯೇ ಬೇರೆ ಬಗೆಯ ಫ್ರೇಮನ್ನು ಮಾಡಿದರು. ಡೇವಿಡ್‌ಸನ್ ಮನೆಯ ಹಿತ್ತಲಿನಲ್ಲಿದ್ದ, ಹತ್ತಡಿ ಅಗಲ ಹದಿನೈದಡಿ ಉದ್ದದ ಮರದ ಗೂಡಿನಲ್ಲಿ ಈ ಕೆಲಸ ನಡೆಯಿತು. ಇಂದು ಲೋಕವೆಲ್ಲ ಹೆಸರು ಬಲ್ಲ ಆ ಸಂಸ್ಥೆಯ ಆರಂಭದಲ್ಲಿ ಒಂದು ಸೋಲಿದೆ, ಆ ಸೋಲನ್ನು ಒಪ್ಪಿಕೊಂಡ ಪ್ರಾಮಾಣಿಕತೆಯಿದೆ.

ಇಷ್ಟು ಹೇಳಿದರೂ ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಅವರು ಮಾಡಿದಾಗ ಅಂಗಡಿಯಲ್ಲಿ ಗಾಡಿ ಸಿಗುತ್ತಿರಲಿಲ್ಲ, ಅದಕ್ಕಾಗಿ ಮಾಡಿದರು ಎನ್ನಬಹುದು. ಅವಶ್ಯಕತೆಯಿಂದ ಮಾಡುವವನನ್ನು ನಾವು ಗೌರವಿಸುತ್ತೇವೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅವರು ಅಡಿಕೆ ಮರ ಏರುವ ಯಂತ್ರವನ್ನು ರೂಪಿಸಿ 2019ರಲ್ಲಿ ದೇಶದ ಗಮನ ಸೆಳೆದುದನ್ನು ಓದುಗರು ಬಲ್ಲರು. ಮರಕ್ಕೆ ತಬ್ಬಿಕೊಳ್ಳುವ ಗಾಲಿಗಳು, ಒಂದು ಸಣ್ಣ ಪೆಟ್ರೋಲ್ ಎಂಜಿನ್, ಕೂರಲು ಸೀಟು, ಹಿಡಿಯಲು ಹ್ಯಾಂಡಲ್. ಬೈಕಿನಲ್ಲಿ ಕುಳಿತವನಂತೆ ಕುಳಿತು ಅರ್ಧ ನಿಮಿಷದಲ್ಲಿ ಮರದ ತುದಿ ಸೇರಬಹುದು. ಕೊನೆ ಕೊಯ್ಯುವವರು ಸಿಗದೆ ಅಡಿಕೆ ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ ಒಬ್ಬ ಹಿರಿಯ ಕೃಷಿಕನು ತನ್ನ ಕಷ್ಟಕ್ಕೆ ತಾನೇ ಕಂಡುಕೊಂಡ ದಾರಿ ಅದು. ಅವರನ್ನು ಯಾರೂ ‘ಇದೆಲ್ಲ ಯಾಕೆ’ ಎಂದು ಕೇಳುವುದಿಲ್ಲ.

ನಮ್ಮ ಊರಿನ ರಸ್ತೆಗಳಲ್ಲಿಯೂ ಇಂಥ ಸಣ್ಣ ಸೃಷ್ಟಿಗಳನ್ನು ಕಂಡಿದ್ದೇವೆ. ಮಲ್ಪೆಯ ಮೀನನ್ನು ಮೊದಲು ಸೈಕಲಿನಲ್ಲಿ, ಆಮೇಲೆ ಮೊಪೆಡಿನಲ್ಲಿ ಹಳ್ಳಿಹಳ್ಳಿಗೆ ತರುತ್ತಿದ್ದವರು ಹಿಂದಿನ ಕ್ಯಾರಿಯರಿಗೆ ಕಬ್ಬಿಣದ ಪಟ್ಟಿ ಬೆಸೆಯಿಸಿ, ಪೆಟ್ಟಿಗೆ ಕೂರಿಸಿ, ಹಾರ್ನು ಕಟ್ಟಿ ಆ ಗಾಡಿಗೆ ಬೇರೊಂದು ಜನ್ಮವನ್ನೇ ಕೊಟ್ಟಿದ್ದರು. ಮನೆಯೊಳಗಿನ ಬೆಕ್ಕು ಕೂಡ ಆ ಹಾರ್ನನ್ನು ಗುರುತಿಸುತ್ತಿತ್ತು. ಹೊಟ್ಟೆಪಾಡಿಗಾಗಿ ಮಾಡಿದ್ದಕ್ಕೆ ಕೈಗಾರಿಕೆಯೆಂಬ ಹೆಸರನ್ನೂ ಯಾರೂ ಕೊಡಲಿಲ್ಲ, ಕಲೆಯೆಂಬ ಹೆಸರನ್ನೂ ಕೊಡಲಿಲ್ಲ.

ಹಾಗಾದರೆ ಅವಶ್ಯಕತೆಯಿಲ್ಲದೆ, ಕೇವಲ ಸಂತೋಷಕ್ಕಾಗಿ ಮಾಡುವುದು ತಪ್ಪೇ? ನಾನು ಹಾಗೆ ಭಾವಿಸುವುದಿಲ್ಲ. ನಮ್ಮ ಹಳೆಯ ಮನೆಗಳ ಚಾವಡಿಯ ಕಂಬಗಳನ್ನು ನೋಡಿರಿ. ಕೆತ್ತನೆ ಇಲ್ಲದಿದ್ದರೂ ಮಾಡು ನಿಲ್ಲುತ್ತಿತ್ತು. ಆದರೂ ಬಡಗಿಯು ವಾರಗಟ್ಟಲೆ ಕುಳಿತು ಕಂಬದ ಬುಡದಲ್ಲಿ ಕಮಲವನ್ನು ಅರಳಿಸಿದನು. ಬದುಕು ಬರೀ ಮಾಡು ನಿಲ್ಲಿಸುವುದಕ್ಕಲ್ಲ ಎಂಬುದನ್ನು ಅವನು ಬಲ್ಲ. ಉಪಯೋಗದ ಅಳತೆಗೋಲಿನಿಂದ ಎಲ್ಲವನ್ನೂ ಅಳೆಯುವವನಿಗೆ ಕೊನೆಗೆ ಮುದುಕರೂ ರೋಗಿಗಳೂ ನಿರುಪಯೋಗಿಗಳಾಗಿ ಕಾಣುತ್ತಾರೆ. ಆದುದರಿಂದ ಹುಡುಗನ ಸಂತೋಷವನ್ನು ದುಂದೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪಲಿಲ್ಲ.

ಆದರೆ ಕೆತ್ತಿದ ಕಂಬಕ್ಕೂ ಒಂದು ಷರತ್ತಿದೆ. ಅದು ಮೊದಲು ಕಂಬವಾಗಿರಬೇಕು. ಹೊರಗೆ ಕಮಲ ಅರಳಿ ಒಳಗೆ ಗೆದ್ದಲು ಹಿಡಿದಿದ್ದರೆ ಆ ಸೌಂದರ್ಯ ಮನೆಯವರನ್ನು ಮೋಸಗೊಳಿಸುತ್ತದೆ. ನನ್ನ ಅಳಿಯನ ಗಾಡಿಯಲ್ಲಿ ಎದ್ದ ಪ್ರಶ್ನೆ ಸರಿಯಾಗಿ ಇದೇ.

ಮಳೆ ಮುಗಿದು ನವೆಂಬರ್ ಬರುವಷ್ಟರಲ್ಲಿ ಗಾಡಿ ಎದ್ದು ನಿಂತಿತ್ತು. ಕಡುಗೆಂಪು ಬಣ್ಣ, ಅದರ ಮೇಲೆ ಕೆನೆಬಣ್ಣದ ಸಣ್ಣ ಗೆರೆಗಳು. ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿದಾಗ ಅಕ್ಕನ ಮುಖದಲ್ಲೂ ನಗೆ ಮೂಡಿತು. ಜನವರಿಯ ಅತ್ತೂರು ಹಬ್ಬಕ್ಕೆ ಅದರಲ್ಲೇ ಹೋಗುವುದೆಂದು ಅವನು ಗೆಳೆಯರಿಗೆಲ್ಲ ಹೇಳಿಟ್ಟಿದ್ದ. ಅದಲ್ಲದೆ, ಮಣಿಪಾಲದ ಪರಿಚಿತನೊಬ್ಬನು ಬಂದು ನೋಡಿ ಮನಸೋತು, ಆದ ಖರ್ಚಿನ ಎರಡರಷ್ಟು ಹಣ ಕೊಡುತ್ತೇನೆಂದು ಹೇಳಿ ಹೋಗಿದ್ದ.

ಹಬ್ಬಕ್ಕೆ ಎರಡು ವಾರವಿರುವಾಗ ಒಂದು ರಾತ್ರಿ ಅವನು ನನ್ನ ಮನೆಗೆ ಬಂದ. ಗಾಡಿಯನ್ನು ಒರೆಸುತ್ತಿರುವಾಗ, ಹ್ಯಾಂಡಲ್ ಕೂರುವ ಕತ್ತಿನ ಕೊಳವೆಯೂ ಕೆಳಗಿನ ಉದ್ದ ಕೊಳವೆಯೂ ಸೇರುವಲ್ಲಿ ಬಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣದೊಂದು ಗೆರೆ ಕಂಡಿತಂತೆ. ಆ ಬೆಸುಗೆ ಅವನದೇ. ವೆಲ್ಡಿಂಗ್ ಯಂತ್ರವನ್ನು ಬಾಡಿಗೆಗೆ ತಂದು, ನೋಡಿ ಕಲಿತು, ತಾನೇ ಬೆಸೆದಿದ್ದ.

“ಮಾವ, ಸ್ವಲ್ಪ ಬಣ್ಣ ಹಚ್ಚಿದರೆ ಯಾರಿಗೂ ಕಾಣಿಸುವುದಿಲ್ಲ” ಎಂದು ತಲೆ ತಗ್ಗಿಸಿ ಹೇಳಿದ.

ನಾನು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದ ನಾನು ಅವನ ಬಾಡಿದ ಮುಖ ನೋಡಿ ಮರುಗಿ, “ಕೂದಲೆಳೆಯಷ್ಟು ತಾನೆ? ನಿಧಾನವಾಗಿ ಓಡಿಸಿದರಾಯಿತು” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನಾನು ನಿಧಾನವಾಗಿ ಓಡಿಸಬಹುದು ಮಾವ. ಕೊಂಡುಕೊಂಡವನು ಓಡಿಸುತ್ತಾನೆಯೇ? ಅವನಿಗೆ ಆ ಗೆರೆ ಗೊತ್ತಿರುವುದಿಲ್ಲವಲ್ಲ.”

ಉತ್ತರ ಕೇಳಲು ಬಂದವನು ಉತ್ತರವನ್ನು ತಾನೇ ಕೊಟ್ಟು ಹೋದ. ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಆ ಗೆರೆ ಎಷ್ಟು ಸಣ್ಣದು, ಎಷ್ಟು ದೊಡ್ಡದು? ದ್ವಿಚಕ್ರ ವಾಹನದಲ್ಲಿ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿನ್ನುವ ಜಾಗಗಳಲ್ಲಿ ಈ ಕತ್ತು ಒಂದು. ಮುಂದಿನ ಗಾಲಿ ಹೊಂಡಕ್ಕೆ ಬಿದ್ದಾಗ, ಮುಂದಿನ ಬ್ರೇಕು ಹಿಡಿದಾಗ ಫೋರ್ಕು ಒಂದು ಸನ್ನೆಗೋಲಿನಂತೆ ಅಲ್ಲಿಗೇ ಒತ್ತಡ ಹಾಕುತ್ತದೆ. ಬೆಸುಗೆ ಮೇಲ್ನೋಟಕ್ಕೆ ನಯವಾಗಿದ್ದರೂ ಕರಗಿದ ಲೋಹ ಒಳಕ್ಕೆ ಇಳಿಯದಿದ್ದರೆ ಅದು ಬರೀ ಮೇಲಿನ ತೇಪೆ. ಪ್ರತಿಯೊಂದು ಹೊಂಡಕ್ಕೂ ಬಿರುಕು ಸ್ವಲ್ಪ ಸ್ವಲ್ಪವೇ ಮುಂದುವರಿಯುತ್ತದೆ. ಅದರ ಸದ್ದು ಸವಾರನ ಕಿವಿಗೆ ಬೀಳುವುದಿಲ್ಲ. ಕೊನೆಗೆ ಒಂದು ದಿನ, ಎಲ್ಲಕ್ಕಿಂತ ಜೋರಾಗಿ ಬ್ರೇಕು ಹಿಡಿಯಬೇಕಾದ ಗಳಿಗೆಯಲ್ಲಿಯೇ, ಅದು ಕೈಕೊಡುತ್ತದೆ.

ಇದಕ್ಕೆ ವೇಗದ ಲೆಕ್ಕವೂ ಸೇರುತ್ತದೆ. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಹೈಸ್ಕೂಲಿನಲ್ಲಿ ಕಲಿಯುತ್ತೇವೆ. ಗಂಟೆಗೆ 15 ಕಿಲೋಮೀಟರ್ ಓಡುವ ಸೈಕಲಿಗೆ ಎಂಜಿನ್ ಕಟ್ಟಿ 45 ಕಿಲೋಮೀಟರ್ ಓಡಿಸಿದರೆ ವೇಗ ಮೂರರಷ್ಟಾಗುತ್ತದೆ. ಆದರೆ ಅದೇ ತೂಕವನ್ನು ನಿಲ್ಲಿಸಲು ಬ್ರೇಕು ಹೀರಬೇಕಾದ ಶಕ್ತಿ ಒಂಬತ್ತರಷ್ಟಾಗುತ್ತದೆ. ಎಂಜಿನಿನ ತೂಕ ಇನ್ನೂ ಬೇರೆ. ಸೈಕಲಿನ ತೆಳು ಕೊಳವೆ, ಸೈಕಲಿನ ರಬ್ಬರು ತುಂಡುಗಳು ಇದಕ್ಕಾಗಿ ಹುಟ್ಟಿದವಲ್ಲ. ಹಾರ್ಲೆ ಮತ್ತು ಡೇವಿಡ್‌ಸನ್ ದೊಡ್ಡ ಎಂಜಿನಿಗೆ ಬೇರೆ ಫ್ರೇಮನ್ನೇ ಮಾಡಿದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ.

ಇಲ್ಲಿ ನನಗೆ ಒಂದು ವಿಚಿತ್ರ ಸಂಗತಿ ಕಾಣುತ್ತದೆ. ಅಳಿಯ ಮೆಚ್ಚಿಕೊಂಡ ಕ್ರೂಸರ್ ಸೈಕಲಿನ ಮೂಲ ಯಾವುದು? 1930ರ ದಶಕದಲ್ಲಿ ಅಮೆರಿಕ ಆರ್ಥಿಕ ಕುಸಿತದಿಂದ ನರಳುತ್ತಿದ್ದಾಗ ಶಿಕಾಗೋದ ಶ್ವಿನ್ ಕಂಪನಿ ಮಕ್ಕಳಿಗಾಗಿ ದಪ್ಪ ಟಯರಿನ ಸೈಕಲುಗಳನ್ನು ತಂದಿತು. 1934ರ ‘ಏರೋಸೈಕಲ್’ ಎಂಬ ಮಾದರಿಯಲ್ಲಿ ಕೊಳವೆಗಳ ನಡುವೆ ಪೆಟ್ರೋಲ್ ಟ್ಯಾಂಕಿನಂತೆ ಕಾಣುವ ಒಂದು ಹುಸಿ ಟ್ಯಾಂಕು ಇತ್ತು. ಒಳಗೆ ಪೆಟ್ರೋಲಿಲ್ಲ, ಕೆಳಗೆ ಎಂಜಿನಿಲ್ಲ. ಮೋಟಾರ್ ಸೈಕಲ್ ಕೊಳ್ಳಲಾಗದ ಬಾಲಕರು ಅದರ ಮೇಲೆ ಕುಳಿತು ಬಾಯಿಯಲ್ಲಿ ಎಂಜಿನಿನ ಸದ್ದು ಮಾಡುತ್ತ ತುಳಿದಿರಬೇಕು. ಅಂದು ಸೈಕಲು ಮೋಟಾರ್ ಸೈಕಲಿನ ವೇಷ ಹಾಕಿತ್ತು. ಇಂದು ಅದೇ ಸೈಕಲಿನ ವೇಷವನ್ನು ಮೋಟಾರ್ ಸೈಕಲು ಹಾಕುತ್ತಿದೆ.

ಎರಡೂ ವೇಷಗಳೇ. ಆದರೆ ಎರಡೂ ಒಂದೇ ಅಲ್ಲ. ಆ ಬಾಲಕನ ಹುಸಿ ಟ್ಯಾಂಕು ಇಲ್ಲದ ಬಲವನ್ನು ಇದೆಯೆಂದು ತೋರಿಸಿತು. ಅದರಿಂದ ಯಾರಿಗೂ ಕೇಡಿಲ್ಲ, ಹೆಚ್ಚೆಂದರೆ ನಗು. ಎಂಜಿನ್ ಹೊತ್ತ ಸೈಕಲಿನ ರೂಪವಾದರೋ ಇರುವ ಬಲವನ್ನು ಇಲ್ಲವೆಂದು ತೋರಿಸುತ್ತದೆ. ಹೆಬ್ರಿಯ ಪೇಟೆಯಲ್ಲಿ ರಸ್ತೆ ದಾಟಲು ನಿಂತ ಒಬ್ಬ ಅಜ್ಜಿ ದೂರದಿಂದ ಬರುವುದನ್ನು ಸೈಕಲೆಂದು ತಿಳಿದು, ಸೈಕಲಿನ ವೇಗಕ್ಕೆ ಲೆಕ್ಕ ಹಾಕಿ ಹೆಜ್ಜೆ ಮುಂದಿಡುತ್ತಾಳೆ. ಅವಳು ನಂಬಿದ್ದು ರೂಪವನ್ನು. ನಾವು ರೂಪದ ಮೂಲಕ ಅಪರಿಚಿತರಿಗೆ ಒಂದು ಮಾತು ಕೊಡುತ್ತೇವೆ. ಆ ಮಾತು ಸುಳ್ಳಾದರೆ ಬೆಲೆ ತೆರುವವರು ಅವರು. ಹಳೆಯದರಂತೆ ಕಾಣುವ ಹೊಸದನ್ನು ಮಾಡುವುದು ಅಪ್ರಾಮಾಣಿಕತೆಯಲ್ಲ. ಪರೀಕ್ಷಿಸಿ ನೋಡಲು ಸಾಧ್ಯವಿಲ್ಲದವರ ಮುಂದೆ, ಹೊರಗಿನ ರೂಪ ಹೇಳುವ ಮಾತನ್ನು ಒಳಗಿನ ಕಬ್ಬಿಣ ನಡೆಸಿಕೊಡದಿದ್ದರೆ ಅದು ಅಪ್ರಾಮಾಣಿಕತೆ.

ಕಾನೂನು ಈ ವಿಷಯದಲ್ಲಿ ಕಠಿಣವಾಗಿದೆ. ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದಾಗಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ನಾಲ್ಕಕ್ಕಿಂತ ಕಡಿಮೆ ಗಾಲಿಗಳಿದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಮಾತ್ರ ಅದು ಕಾಯಿದೆಯ ಮಟ್ಟಿಗೆ ಮೋಟಾರು ವಾಹನವೇ ಅಲ್ಲ. ಮೊಪೆಡಿನ ಎಂಜಿನ್ ಆ ಮಿತಿಯನ್ನು ಮೀರಿದ್ದು. ಹಳೆಯ ಮೊಪೆಡಿನ ಫ್ರೇಮನ್ನು ಬಿಟ್ಟು ಹೊಸ ಫ್ರೇಮಿಗೆ ಎಂಜಿನನ್ನು ಕೂರಿಸಿದೊಡನೆ ಫ್ರೇಮಿನ ಮೇಲೆ ಕೊರೆದಿದ್ದ ಚಾಸಿ ಸಂಖ್ಯೆಯೂ ಹೋಯಿತು. ಅಂದರೆ ಗಾಡಿಗೆ ಜನನಪತ್ರವೇ ಇಲ್ಲ. ಸಾರ್ವಜನಿಕ ರಸ್ತೆಗೆ ಅದು ಇಳಿಯುವಂತಿಲ್ಲ.

ಮೊದಲು ಈ ಕಾನೂನು ನನಗೂ ಹುಡುಗರ ಉತ್ಸಾಹಕ್ಕೆ ತಣ್ಣೀರೆರಚುವಂಥದ್ದಾಗಿ ಕಂಡಿತ್ತು. ಇಂದಿನ ನಿಯಮವಿದ್ದಿದ್ದರೆ ಡೈಮ್ಲರನು ತೋಟದ ಗೇಟು ದಾಟುತ್ತಿದ್ದನೇ ಎಂದು ಅಳಿಯನೂ ವಾದಿಸುತ್ತಿದ್ದ. ಆ ವಾದದಲ್ಲಿ ಸ್ವಲ್ಪ ಸತ್ಯವಿದೆ. ಎಲ್ಲರೂ ಕೊಳ್ಳುವವರಾಗಿ, ಮಾಡುವವರು ಯಾರೂ ಇಲ್ಲದಾದರೆ ಸಮಾಜ ಬಡವಾಗುತ್ತದೆ. ಕೈಯಿಂದ ಮಾಡಿ ನೋಡಲು ಹುಡುಗರಿಗೆ ಒಂದು ಜಾಗ ಬೇಕು, ಮಾಡಿದ್ದನ್ನು ಬಲ್ಲವರು ಪರೀಕ್ಷಿಸಿ ಸರಿತಪ್ಪು ಹೇಳುವ ಸುಲಭವಾದ ಏರ್ಪಾಡು ಬೇಕು. ಆದರೆ ಆ ಗೆರೆಯನ್ನು ಕಂಡ ಮೇಲೆ ಕಾನೂನಿನ ಇನ್ನೊಂದು ಮುಖವೂ ಕಂಡಿತು. ರಸ್ತೆ ದಾಟುವ ಅಜ್ಜಿಗೆ ಕೊಟ್ಟಿಗೆಗೆ ಬಂದು ಬೆಸುಗೆಯನ್ನು ತಟ್ಟಿ ನೋಡಲು ಬರುವುದಿಲ್ಲ. ಅವಳ ಪರವಾಗಿ ಯಾರಾದರೂ ಕೇಳಬೇಕಲ್ಲ? ಕಾನೂನಿನ ಬಾಯಿಂದ ಕೇಳಿಸುವುದು ಆ ಅಪರಿಚಿತಳ ದನಿ.

ಆದರೂ ಕಾನೂನು ಎಲ್ಲಿಯವರೆಗೆ ನೋಡೀತು? ಅದು ಸಂಖ್ಯೆಯನ್ನು ನೋಡಬಲ್ಲುದು, ಪತ್ರವನ್ನು ನೋಡಬಲ್ಲುದು. ಬಣ್ಣದ ಕೆಳಗಿನ ಬೆಸುಗೆಯನ್ನು ನೋಡಬಲ್ಲವನು ಬೆಸೆದವನೊಬ್ಬನೇ. ಅಲ್ಲಿ ಮನಃಸಾಕ್ಷಿಯ ಹೊರತು ಬೇರೆ ಅಧಿಕಾರಿಯಿಲ್ಲ.

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಕತೆ ಇಲ್ಲಿ ನೆನಪಾಗುತ್ತದೆ. 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನ ಮೋಟಾರ್ ಸೈಕಲುಗಳು ತಯಾರಾದವು. ಸ್ಟಾರ್ಟ್ ಮಾಡುವ ಕಿಕ್ ಲಿವರೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರಾಗುವ ಆ ಗಾಡಿಯನ್ನು ನಮ್ಮ ತಲೆಮಾರಿನವರು ಮರೆಯುವುದುಂಟೇ? 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ನಿಲ್ಲಲಿಲ್ಲ. ಬಿಡಿಭಾಗ ಸಿಗದಾದಾಗ ಊರೂರಿನ ಮೆಕ್ಯಾನಿಕರು ಲೇತಿನಲ್ಲಿ ಕಡೆದು, ಬೇರೆ ಗಾಡಿಯದನ್ನು ಹೊಂದಿಸಿ ಅವುಗಳನ್ನು ಓಡಿಸುತ್ತ ಬಂದರು. ಮಾಡಿದ ಕಂಪನಿಯೇ ಇಲ್ಲವಾದಾಗ ಆ ಗಾಡಿಯ ಹೊಣೆ ಯಾರದು? ಸ್ಪ್ಯಾನರ್ ಹಿಡಿದ ಕೈಯದು. ದೂರು ಕೊಡಲು ಶೋರೂಮಿಲ್ಲ, ವಾರಂಟಿ ಕಾಗದವಿಲ್ಲ. ನಾಳೆ ಆ ಬೋಲ್ಟು ಸಡಿಲವಾದರೆ ಉತ್ತರ ಕೊಡಬೇಕಾದವನು ಇಂದು ಅದನ್ನು ಬಿಗಿದವನೇ.

ಅಕ್ಕನ ಪ್ರಶ್ನೆಗೆ ಉತ್ತರದ ಆರಂಭ ನನಗೆ ಇಲ್ಲಿ ಸಿಕ್ಕಿತು. ಕೊಂಡ ವಸ್ತುವಿನಲ್ಲಿ ನಾವು ಇತರರ ಹೊಣೆಗಾರಿಕೆಯನ್ನು ಹಣ ಕೊಟ್ಟು ಪಡೆಯುತ್ತೇವೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಬಸ್ಸಿನಲ್ಲಿ ಇಳಿಯುವಾಗ ಕಿಟಕಿಯಾಚೆ ಪ್ರಪಾತವಿದ್ದರೂ ನಾವು ತೂಕಡಿಸುತ್ತೇವೆ. ಆ ಬಸ್ಸಿನ ಬ್ರೇಕನ್ನು ಮಾಡಿದವನಾರು, ಚಕ್ರದ ನಟ್ಟುಗಳನ್ನು ಬಿಗಿದವನಾರು, ರಸ್ತೆಯ ಅಂಚಿಗೆ ಕಲ್ಲು ಕಟ್ಟಿದವನಾರು, ನಮಗೆ ತಿಳಿಯದು. ಅವರು ಯಾರೂ ನೋಡದ ವೇಳೆಯಲ್ಲಿ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದಾರೆಂಬ ನಂಬಿಕೆಯ ಮೇಲೆ ನಾವು ನಿದ್ರಿಸುತ್ತೇವೆ. ಇಡೀ ಜೀವಮಾನ ಬರೀ ಕೊಂಡುಕೊಂಡೇ ಬದುಕಿದವನಿಗೆ ಈ ನಂಬಿಕೆಯ ಭಾರ ಗೊತ್ತಾಗುವುದಿಲ್ಲ. ವಸ್ತು ಕೆಟ್ಟರೆ ಅವನು ಗದರಿಸುತ್ತಾನೆ, ಅಷ್ಟೆ. ಒಮ್ಮೆಯಾದರೂ ತನ್ನ ಕೈಯಿಂದ ಏನನ್ನಾದರೂ ಮಾಡಿದವನು, ನಂಬುವವನ ಜಾಗದಿಂದ ನಂಬಿಕೆಗೆ ಅರ್ಹನಾಗಬೇಕಾದವನ ಜಾಗಕ್ಕೆ ದಾಟುತ್ತಾನೆ. ಯಾರ ಮೇಲೂ ದೂರು ಹೊರಿಸಲಾಗದ ಜಾಗ ಅದು.

ಇದು ಮೋಟಾರ್ ಸೈಕಲಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಮಗುವನ್ನು ಬೆಳೆಸುವ ತಾಯ್ತಂದೆಯರು, ಉತ್ತರಪತ್ರಿಕೆ ತಿದ್ದುವ ಶಿಕ್ಷಕರು, ಔಷಧಿ ಅಳೆದು ಕೊಡುವ ದಾದಿ, ಸಂಘದ ಲೆಕ್ಕ ಬರೆಯುವ ಗುಮಾಸ್ತ, ಇವರೆಲ್ಲರ ಕೆಲಸದಲ್ಲಿಯೂ ಬಣ್ಣ ಮುಚ್ಚುವ ಒಂದು ಬೆಸುಗೆಯಿದೆ. ಮೇಲಿನಿಂದ ನೋಡುವವರಿಗೆ ನಯವಾಗಿ ಕಾಣುವುದು ಒಳಗೆ ಇಳಿದಿದೆಯೋ ಇಲ್ಲವೋ ಎಂಬುದು ಒಬ್ಬನಿಗಷ್ಟೇ ಗೊತ್ತು. ಮತ್ತೊಂದು ಕೋಟು ಬಣ್ಣ ಹಚ್ಚಿಬಿಡುವ ಆಸೆ ನಮಗೆಲ್ಲರಿಗೂ ಬಂದಿದೆ, ಹಲವು ಸಲ ಹಚ್ಚಿಯೂ ಇದ್ದೇವೆ. ‘ಕೂದಲೆಳೆಯಷ್ಟು ತಾನೆ’ ಎಂದು ಸಮಾಧಾನ ಹೇಳುವ ನನ್ನಂಥ ಹಿರಿಯರೂ ಆಗ ಪಕ್ಕದಲ್ಲಿ ಸಿಗುತ್ತಾರೆ. ಅಂಥ ಸಮಾಧಾನ ಪ್ರೀತಿಯಂತೆ ಕಾಣುತ್ತದೆ, ಆದರೆ ಪ್ರೀತಿಯಲ್ಲ.

ಮರುದಿನ ಅಳಿಯ ಬಣ್ಣವನ್ನು ಕೆರೆದು ನೋಡಿದ. ಬೆಸುಗೆ ಒಂದು ಬದಿಯಲ್ಲಿ ಒಳಕ್ಕೆ ಇಳಿದೇ ಇರಲಿಲ್ಲ. ಕೊಳ್ಳಲು ಬಂದವನಿಗೆ ಕಾರಣವನ್ನು ಮುಚ್ಚಿಡದೆ ತಿಳಿಸಿ ಇಲ್ಲವೆಂದ. ಗೆಳೆಯರು ನಕ್ಕರು. ಅತ್ತೂರಿಗೆ ಎಲ್ಲರ ಹಾಗೆ ಬಸ್ಸಿನಲ್ಲಿ ಹೋಗಿ ಬಂದ. ಆಮೇಲೆ ಫ್ರೇಮನ್ನು ಕತ್ತರಿಸಿ ಕಾರ್ಕಳದ ಒಬ್ಬ ಹಿರಿಯ ವೆಲ್ಡರರ ಬಳಿಗೆ ಕೊಂಡೊಯ್ದ. ಅವರು ಅವನ ಬೆಸುಗೆಯನ್ನು ನೋಡಿ ಬೈಯಲಿಲ್ಲವಂತೆ. ಒಂದು ತುಂಡು ಕೊಳವೆ ಕೊಟ್ಟು, “ಇದರಲ್ಲಿ ಹತ್ತು ಸಲ ಬೆಸೆದು, ಹತ್ತು ಸಲ ಮುರಿದು ನೋಡು, ಆಮೇಲೆ ಮಾತಾಡುವ” ಎಂದರಂತೆ. ಹಲವು ಶನಿವಾರಗಳು ಅವನು ಅಲ್ಲಿಗೆ ಹೋದ. ಹೊಸ ಫ್ರೇಮಿಗೆ ದಪ್ಪ ಕೊಳವೆ ಬಂತು, ಕತ್ತಿನ ಮೂಲೆಗೆ ಆಸರೆಯಾಗಿ ಉಕ್ಕಿನ ತಗಡು ಬಂತು, ಸೈಕಲಿನ ಬ್ರೇಕು ಹೋಗಿ ಮೊಪೆಡಿನ ಡ್ರಮ್ ಬ್ರೇಕು ಎರಡೂ ಗಾಲಿಗೆ ಬಂತು. ಹಿಂದಿನ ಸ್ಪ್ರಾಕೆಟನ್ನು ದೊಡ್ಡದು ಮಾಡಿ ವೇಗವನ್ನು ಇಳಿಸಿದ. ಬಿಲ್ಲಿನಂಥ ಆ ಬಾಗು ಮೊದಲಿನಷ್ಟು ಚೆಂದವಾಗಿ ಉಳಿಯಲಿಲ್ಲ ಎಂಬ ಬೇಸರ ಅವನಿಗೆ ಇಂದಿಗೂ ಇದೆ.

ಆ ಗಾಡಿ ರಸ್ತೆಗೆ ಇಳಿದಿಲ್ಲ, ಇಳಿಯುವುದೂ ಇಲ್ಲ. ಅಕ್ಕನ ಮನೆಯ ಅಂಗಳದಿಂದ ಕೆಳಗಿನ ಅಡಿಕೆ ತೋಟದವರೆಗಿನ ಮಣ್ಣಿನ ದಾರಿಯೇ ಅದರ ಹೆದ್ದಾರಿ. ಈ ಬಾರಿ ಕತ್ತಿನ ಬೆಸುಗೆಗೆ ಅವನು ಬಣ್ಣ ಹಚ್ಚಿಲ್ಲ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಹಾಗೆಯೇ ಬಿಟ್ಟಿದ್ದಾನೆ. ಯಾರು ಬೇಕಾದರೂ ಬಗ್ಗಿ ನೋಡಬಹುದು.

ಕಳೆದ ಸಲ ಹೋದಾಗ ಅಕ್ಕ ಒಳಗಿನಿಂದ ಕೂಗಿ ಹೇಳುತ್ತಿದ್ದಳು: “ಮಗಾ, ತೋಟದಲ್ಲಿ ನಾಲ್ಕು ತೆಂಗಿನಕಾಯಿ ಬಿದ್ದಿವೆ. ನಿನ್ನ ಗಾಡಿಯಲ್ಲಿ ಹಾಕಿಕೊಂಡು ಬಾ.” ಅವನು ಎದ್ದು ಹೋಗಿ, ಮೊದಲು ಬಗ್ಗಿ ಆ ಕತ್ತಿನ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ.